ದಲ್ಲಾಳಿ ಕೊಟ್ಟ ಕೂಸು ದತ್ತು ಅಲ್ಲ

ಮಳವಳ್ಳಿ ತಾಲ್ಲೂಕಿನ ಬಂಡೂರು ಕುರಿಗೆ ಹೆಸರುವಾಸಿ. ಅಲ್ಲಿ ತಳಿ ನೋಡಿ ಬೆಲೆ ಕಟ್ಟುತ್ತಾರೆ, ಸರಿಯೇ. ದತ್ತು ಮಗುವಿಗೂ ಅದೇ ಅಳತೆಯೇ? ‘ಯಾರ ಕೂಸೋ, ಯಾವ ಕುಲವೋ’ ಅಂತ ಅಂಜಿ, ಸರ್ಕಾರದ ಬಾಗಿಲು ಬಿಟ್ಟು ದಲ್ಲಾಳಿಯ ಬಾಗಿಲು ತಟ್ಟುವವರುಂಟು.

‘ಛಾಪಾ ಕಾಗದದಲ್ಲಿ ಬರೆಸಿಕೊಂಡರಾಯ್ತು’ ಎಂಬುದು ಪೊಳ್ಳು ಮಾತು. 2015ರ ಬಾಲನ್ಯಾಯ ಕಾಯ್ದೆಯಲ್ಲಿ ಮಗು ಮಾರಿದವರಿಗೂ ಕೊಂಡವರಿಗೂ 5 ವರ್ಷದವರೆಗೆ ಕಠಿಣ ಸಜೆ, ಲಕ್ಷ ರೂಪಾಯಿ ದಂಡ. ಕಾಸೂ ಹೋಯಿತು, ಕೂಸೂ ಹೋಯಿತು!

ನೆಟ್ಟಗಿನ ದಾರಿ ನಿಧಾನ, ಆದರೆ ಭದ್ರ. ಮಂಡ್ಯದ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ವಿಚಾರಿಸಿ ಹೆಸರು ನೋಂದಾಯಿಸಬೇಕು. ಮನೆ ತನಿಖೆ ಆಗುತ್ತದೆ; ಸರದಿಗೆ ವರ್ಷಗಟ್ಟಲೆ ಕಾಯಬೇಕಾದೀತು. 2022ರ ಸೆಪ್ಟೆಂಬರಿನಿಂದ ದತ್ತು ಆದೇಶ ಕೋರ್ಟಿನದಲ್ಲ, ಜಿಲ್ಲಾಧಿಕಾರಿಯದು. ಆದೇಶವಾದರೆ ಹೆತ್ತ ಮಗುವಿಗಿರುವಷ್ಟೇ ಹಕ್ಕು. ನಾಳೆ ಪಹಣಿ ಮುಂದಿಟ್ಟುಕೊಂಡು ದಾಯಾದಿಗಳು ತಗಾದೆ ತೆಗೆದರೆ ನಿಲ್ಲುವುದು ಆ ಕಾಗದವೇ.

ದೊಡ್ಡ ಮಕ್ಕಳನ್ನು ಮೊದಲು ಪೋಷಕರಾಗಿ ಸಾಕಿ, 2 ವರ್ಷದ ಬಳಿಕ ದತ್ತು ಕೇಳಲು 2024ರ ಮಾರ್ಗಸೂಚಿಯಲ್ಲಿ ಅವಕಾಶವುಂಟು. ಎಳೆಗೂಸೇ ಬೇಕೆಂದು ಕೂತವರು ಇದನ್ನೂ ಯೋಚಿಸಲಿ.

ಇನ್ನೊಂದು ಮಾತು. ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಗುಟ್ಟಾಗಿ ಸ್ಕ್ಯಾನ್ ಮಾಡಿ ಹೆಣ್ಣು ಭ್ರೂಣ ಪತ್ತೆ ಹಚ್ಚುತ್ತಿದ್ದ ಜಾಲ 2023ರಲ್ಲಿ ಸಿಕ್ಕಿಬಿತ್ತು. ಒಂದು ಮನೆಗೆ ಬೇಡವಾದ ಹೆಣ್ಣುಕೂಸಿಗೆ ಇನ್ನೊಂದು ಮನೆ ಹಂಬಲಿಸುತ್ತಿರುತ್ತದೆ. ಸಾಕಲಾರದ ತಾಯಿ ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಗೆ ಒಪ್ಪಿಸಬಹುದು. ಮನಸ್ಸು ಬದಲಾಯಿಸಲು 60 ದಿನ ಗಡುವುಂಟು. 1098ಕ್ಕೆ ಫೋನು ಮಾಡಿದರೂ ಸಾಕು.

ಕುರಿಗೆ ತಳಿ ನೋಡಿ. ಕೂಸಿಗೆ ಜಿಲ್ಲಾಧಿಕಾರಿಯ ಆದೇಶ ನೋಡಿ.