ಬಾಲಾಪರಾಧವೂ ಡಾಕ್ಟರೇಟ್ ಪದವಿಯೂ: ಒಂದು ವಿಚಾರ

ಕಳೆದ ಶ್ರಾವಣಮಾಸದಲ್ಲಿ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯೊಬ್ಬಳು ನನ್ನನ್ನು ಕಾಣಲು ತೂಬಗೆರೆಗೆ ಬಂದಿದ್ದಳು. ಹತ್ತನೆಯ ತರಗತಿಯಲ್ಲಿ ನನ್ನಿಂದ ಸಂಧಿ, ಸಮಾಸ, ಛಂದಸ್ಸುಗಳನ್ನು ಕಲಿತವಳು. ಮುಂದೆ ಬೆಂಗಳೂರಿನಲ್ಲಿ ಸಮಾಜಕಾರ್ಯವನ್ನು ವ್ಯಾಸಂಗ ಮಾಡಿ ಸ್ನಾತಕೋತ್ತರ ಪದವಿಯನ್ನು ಪಡೆದವಳು. ಕುಶಲಪ್ರಶ್ನೆಗಳು ಮುಗಿದ ಮೇಲೆ ಚೀಲದಿಂದ ಕೆಲವು ಹಾಳೆಗಳನ್ನು ತೆಗೆದು, "ಗುರುಗಳೇ, ಬಾಲಾಪರಾಧವನ್ನು ಕುರಿತು ಪಿಎಚ್.ಡಿ. ಮಾಡಬೇಕೆಂದಿದ್ದೇನೆ. ಮಕ್ಕಳನ್ನು ಕೇಳಬೇಕಾದ ಪ್ರಶ್ನೆಗಳನ್ನು ಇಂಗ್ಲಿಷಿನಲ್ಲಿ ಬರೆದುಕೊಂಡಿದ್ದೇನೆ. ತಾವು ಕನ್ನಡಕ್ಕೆ ತಿರುಗಿಸಿಕೊಡಬೇಕು" ಎಂದು ಕೇಳಿಕೊಂಡಳು. ಮನೆಯವರ ಒಪ್ಪಿಗೆ ಇದೆಯೇ ಎಂದು ವಿಚಾರಿಸಿದೆ. ತಲೆ ತಗ್ಗಿಸಿ, "ಕದ್ದು ಸಿಕ್ಕಿಬಿದ್ದ ಹುಡುಗರ ಸಹವಾಸ ನಿನಗೇಕಮ್ಮಾ, ಇರುವ ಕೆಲಸ ಸಾಲದೆ ಅನ್ನುತ್ತಾರೆ ಅಪ್ಪ" ಎಂದಳು.

ಆಕೆ ಹೋದ ಮೇಲೆ ಲೇಖನಿ ಹಿಡಿದು ಕುಳಿತೆ. ಮೊದಲನೆಯ ಪ್ರಶ್ನೆಯನ್ನೇ ಕನ್ನಡಿಸಿದಾಗ ಅದು ಹೀಗಾಯಿತು: "ನೀನು ಬಾಲಾಪರಾಧಿಯಾದದ್ದು ಯಾವ ವಯಸ್ಸಿನಲ್ಲಿ?" ವ್ಯಾಕರಣದ ದೃಷ್ಟಿಯಿಂದ ವಾಕ್ಯ ನಿರ್ದುಷ್ಟವಾಗಿಯೇ ಇತ್ತು. ಆದರೆ ಹದಿಮೂರು ವರ್ಷದ ಹುಡುಗನೊಬ್ಬನ ಮುಖವನ್ನು ನೋಡಿ ಇದನ್ನು ಓದಿ ಹೇಳಬೇಕಾದೀತೆಂದು ಊಹಿಸಿಕೊಂಡೊಡನೆ ಲೇಖನಿ ನಿಂತಿತು. ಸ್ಮರಣ ಸಂಚಿಕೆಗೆಂದು ನಾನು ಬೇರೊಂದು ಲೇಖನವನ್ನು ಸಿದ್ಧಪಡಿಸುತ್ತಿದ್ದೆ. ಅದನ್ನು ಬದಿಗಿಟ್ಟು ಈ ವಿಷಯವನ್ನೇ ವಾಚಕರ ಮುಂದಿಡಬೇಕೆಂದು ಅಂದೇ ನಿಶ್ಚಯಿಸಿದೆ.

ಶಬ್ದದಿಂದಲೇ ಆರಂಭಿಸುವುದು ಪಂಡಿತರ ಚಾಳಿ, ವಾಚಕರು ಕ್ಷಮಿಸಬೇಕು. 'ಬಾಲ' ಮತ್ತು 'ಅಪರಾಧ' ಎಂಬೆರಡು ಪದಗಳು ಸೇರಿದಾಗ ಸವರ್ಣದೀರ್ಘಸಂಧಿಯಾಗಿ 'ಬಾಲಾಪರಾಧ' ಎಂದಾಗುತ್ತದೆ. ನಡುವಣ ಆಕಾರದಲ್ಲಿ ಬಾಲನ ಪಾಲು ಎಷ್ಟು, ಅಪರಾಧದ ಪಾಲು ಎಷ್ಟು ಎಂದು ಬಿಡಿಸಿ ತೋರಿಸಲು ಯಾವ ವೈಯಾಕರಣನಿಗೂ ಸಾಧ್ಯವಿಲ್ಲ. ಪದದಲ್ಲಿ ಆದ ಈ ಐಕ್ಯ ಲೋಕದಲ್ಲಿಯೂ ಆಗಿಬಿಡುತ್ತದೆ. ಒಮ್ಮೆ ಈ ಹೆಸರು ಅಂಟಿತೆಂದರೆ ಹುಡುಗನನ್ನು ಅವನ ತಪ್ಪಿನಿಂದ ಬೇರ್ಪಡಿಸಿ ನೋಡುವವರು ವಿರಳ. ಆದರೆ 'ಅಪರಾಧ' ಶಬ್ದದ ಮೂಲಾರ್ಥ ಇಷ್ಟು ಕಠೋರವಾದುದಲ್ಲ. ಗುರಿ ತಪ್ಪುವುದು ಎಂಬುದೇ ಅದರಲ್ಲಿ ಅಡಗಿರುವ ಅರ್ಥ. ಬಿಟ್ಟ ಬಾಣ ಗುರಿಯಿಂದ ಜಾರಿದ ಬಿಲ್ಲಾಳಿಗೆ ಅಮರಕೋಶದಲ್ಲಿ 'ಅಪರಾದ್ಧಪೃಷತ್ಕ' ಎಂಬ ಹೆಸರಿದೆ. ಬಾಣ ತಪ್ಪಿದವನು ಬಿಲ್ವಿದ್ಯೆಗೆ ಅನರ್ಹನೆಂದು ಯಾವ ಗುರುವೂ ಹೇಳುವುದಿಲ್ಲ. ಇನ್ನೊಮ್ಮೆ ಹೂಡು ಎನ್ನುತ್ತಾನೆ.

ನಮ್ಮ ದೇಶದ ಶಾಸನವೂ ನಿಧಾನವಾಗಿ ಈ ಅರ್ಥದ ಕಡೆಗೇ ನಡೆದುಬಂದಿರುವುದು ಗಮನಾರ್ಹ. ನಮ್ಮ ರಾಜ್ಯದಲ್ಲಿ 1964ರ ಮಕ್ಕಳ ಅಧಿನಿಯಮವಿತ್ತು. ಅನಂತರ ದೇಶದ ಬಹುಭಾಗಕ್ಕೆ ಅನ್ವಯಿಸುವ ಬಾಲ ನ್ಯಾಯ ಅಧಿನಿಯಮ 1986ರಲ್ಲಿ ಬಂದಿತು. ಅದರಲ್ಲಿ ಇಂತಹ ಮಕ್ಕಳಿಗೆ ಅಪರಾಧಿ ಬಾಲಕರೆಂಬ ಅರ್ಥದ ಹೆಸರೇ ಇತ್ತು. 2000ದ ಅಧಿನಿಯಮ ಆ ಹೆಸರನ್ನು ಕೈಬಿಟ್ಟು ಕಾನೂನಿನೊಡನೆ ಸಂಘರ್ಷಕ್ಕೆ ಒಳಗಾದವರು ಎಂಬ ಹೊಸ ಮಾತನ್ನು ತಂದಿತು. 2015ರ ಅಧಿನಿಯಮವು ಅದನ್ನು 'ಕಾನೂನಿನೊಡನೆ ಸಂಘರ್ಷಕ್ಕೆ ಒಳಗಾದ ಮಗು' ಎಂದು ಇನ್ನಷ್ಟು ಸ್ಪಷ್ಟಗೊಳಿಸಿತು. ಮಾತು ದೀರ್ಘವಾಯಿತು, ನಿಜ; ಆದರೆ ಸಂಧಿ ಬಿಡಿಸಿದಂತಾಯಿತು. ಮಗು ಬೇರೆ, ಸಂಘರ್ಷ ಬೇರೆ ಎಂಬುದು ಈಗ ಕಣ್ಣಿಗೆ ಕಾಣುತ್ತದೆ. ಆ ಅಧಿನಿಯಮದ 3ನೆಯ ಪ್ರಕರಣದಲ್ಲಿ ಹೇಳಿರುವ ತತ್ತ್ವಗಳಲ್ಲಿ ಮಗುವಿಗೆ ಕಳಂಕ ತರುವ ಮಾತುಗಳನ್ನು ಬಳಸಬಾರದೆಂಬುದೂ ಒಂದು. ಹೊಸದಾಗಿ ಬಾಳನ್ನು ಆರಂಭಿಸಲು ಅವಕಾಶ ಇರಬೇಕೆಂಬುದು ಇನ್ನೊಂದು. ಒಂದು ಶಾಸನ ಶಬ್ದಪ್ರಯೋಗದ ಔಚಿತ್ಯವನ್ನು ಕುರಿತು ವಿಧಿಸಿರುವುದನ್ನು ಕಂಡು ಭಾಷಾಧ್ಯಾಪಕನಾದ ನನಗೆ ಸಂತೋಷವೂ ಆಯಿತು, ನಾಚಿಕೆಯೂ ಆಯಿತು.

ನಾಚಿಕೆಯ ಕಾರಣವನ್ನು ಮುಚ್ಚಿಡದೆ ನಿವೇದಿಸುತ್ತೇನೆ. ಸುಮಾರು ಇಪ್ಪತ್ತೈದು ವರ್ಷಗಳ ಹಿಂದೆ ಬೇರೊಂದು ಶಾಲೆಯಲ್ಲಿ ನಾನು ತರುಣ ಉಪಾಧ್ಯಾಯನಾಗಿದ್ದಾಗ ಎಂಟನೆಯ ತರಗತಿಯ ಹುಡುಗನೊಬ್ಬ ಪರೀಕ್ಷಾಶುಲ್ಕದ ಹಣದಿಂದ ನೂರಮೂವತ್ತು ರೂಪಾಯಿ ತೆಗೆದುಕೊಂಡ. ಸಿಕ್ಕಿಬಿದ್ದ, ಒಪ್ಪಿಕೊಂಡ. ತರಗತಿಯ ಉಪಾಧ್ಯಾಯನಾಗಿ ಅವನ ಟಿ.ಸಿ.ಯಲ್ಲಿ ನಡತೆಯ ಅಂಕಣವನ್ನು ತುಂಬಿದವನು ನಾನೇ. 'ತೃಪ್ತಿಕರವಲ್ಲ' ಎಂದು ದುಂಡಾದ ಅಕ್ಷರಗಳಲ್ಲಿ ಬರೆದೆ. ಆ ಹಣವನ್ನು ಏಕೆ ತೆಗೆದೆ ಎಂದು ನಾನು ಅವನನ್ನು ಕೇಳಲಿಲ್ಲ. ಕೇಳಬೇಕೆಂದು ಹೊಳೆಯಲೂ ಇಲ್ಲ.

ಹತ್ತು ವರ್ಷಗಳ ತರುವಾಯ ಘಾಟಿಯ ದನಗಳ ಜಾತ್ರೆಯಲ್ಲಿ ಯುವಕನೊಬ್ಬ ಬಂದು ನಮಸ್ಕರಿಸಿದ. ಅವನೇ ಆಗಿದ್ದ. ಆ ಪತ್ರವನ್ನು ನೋಡಿ ಬೇರೆ ಶಾಲೆಯವರು ಸೇರಿಸಿಕೊಳ್ಳಲಿಲ್ಲವೆಂದೂ, ಮಗ್ಗದ ಕೆಲಸಕ್ಕೆ ಹೋದನೆಂದೂ, ಅಲ್ಲಿ ಕೂಡಿದ ಗೆಳೆಯರೊಡನೆ ಒಂದು ಕಳವಿನಲ್ಲಿ ಸಿಕ್ಕಿ ಕೆಲವು ತಿಂಗಳು ಸರ್ಕಾರಿ ವೀಕ್ಷಣಾಲಯದಲ್ಲಿ ಇದ್ದನೆಂದೂ ಯಾವ ಕಹಿಯೂ ಇಲ್ಲದೆ ಹೇಳಿದ. ಆಗ ಲಾರಿಯಲ್ಲಿ ಕ್ಲೀನರ್ ಆಗಿದ್ದ. ಅಂದು ಕೇಳಬೇಕಾಗಿದ್ದ ಪ್ರಶ್ನೆಯನ್ನು ಆಗ ಕೇಳಿದೆ: "ಆ ದುಡ್ಡು ನಿನಗೆ ಯಾತಕ್ಕೆ ಬೇಕಾಗಿತ್ತಪ್ಪಾ?" ಅವನು ಸ್ವಲ್ಪ ಹೊತ್ತು ಯೋಚಿಸಿ, "ಈಗ ನೆನಪಿಲ್ಲ ಮೇಷ್ಟ್ರೇ" ಎಂದ. ಸಕಾಲದಲ್ಲಿ ಕೇಳದ ಪ್ರಶ್ನೆಗೆ ಉತ್ತರವೂ ಉಳಿಯುವುದಿಲ್ಲವೆಂಬುದನ್ನು ಅಂದು ತಿಳಿದೆ.

ಬಾಲಾಪರಾಧದ ಅಧ್ಯಯನಕ್ಕೆ ಡಾಕ್ಟರೇಟ್ ಏಕೆ ಬೇಕು ಎಂದು ಕೇಳುವವರಿಗೆ ನನ್ನ ಉತ್ತರ ಇದೇ. ನಾವು ಕೇಳದೆ ಬಿಟ್ಟ ಪ್ರಶ್ನೆಯನ್ನು ಸರಿಯಾದ ಕಾಲದಲ್ಲಿ, ಸರಿಯಾದ ಮಾತಿನಲ್ಲಿ, ಸಾಕಷ್ಟು ಮಕ್ಕಳಿಗೆ ಕೇಳಿ, ಉತ್ತರಗಳನ್ನು ತೂಗಿನೋಡುವ ವಿದ್ಯೆ ಅದು. ಲೋಕದ ವಿದ್ವಾಂಸರು ಇದರಲ್ಲಿ ಬಹುದೂರ ಸಾಗಿದ್ದಾರೆ. ಮಕ್ಕಳಿಗಾಗಿಯೇ ಪ್ರತ್ಯೇಕ ನ್ಯಾಯಾಲಯ ಅಮೆರಿಕದ ಷಿಕಾಗೊ ನಗರದಲ್ಲಿ ಸ್ಥಾಪಿತವಾದದ್ದು 1899ರಲ್ಲಿ. 1938ರಲ್ಲಿ ಫ್ರಾಂಕ್ ಟ್ಯಾನನ್‌ಬಾಮ್ ಎಂಬ ವಿದ್ವಾಂಸ, ಹುಡುಗನಿಗೆ ಕೆಟ್ಟವನೆಂಬ ಹೆಸರಿಟ್ಟು ಸಾರುವ ಕ್ರಿಯೆಯೇ ಅವನನ್ನು ಕೆಟ್ಟವನನ್ನಾಗಿ ಮಾಡುವುದರಲ್ಲಿ ಪಾಲುಗೊಳ್ಳುತ್ತದೆಂದು ಪ್ರತಿಪಾದಿಸಿದ. ಟ್ರಾವಿಸ್ ಹರ್ಷಿ ಎಂಬಾತ ತನ್ನ ಡಾಕ್ಟರೇಟ್ ಪ್ರಬಂಧದಿಂದಲೇ ಬೆಳೆಸಿ 1969ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಪ್ರಶ್ನೆಯನ್ನೇ ತಿರುಗಿಸಿ ಹಾಕಿದ. ಮಕ್ಕಳು ತಪ್ಪು ಮಾಡುವುದೇಕೆ ಎಂಬುದಕ್ಕಿಂತ, ಬಹುಮಂದಿ ತಪ್ಪು ಮಾಡದಿರುವುದೇಕೆ ಎಂಬುದೇ ಕೇಳತಕ್ಕ ಪ್ರಶ್ನೆ ಎಂದ. ತಾಯಿತಂದೆಗಳೊಡನೆಯೂ ಶಾಲೆಯೊಡನೆಯೂ ಇರುವ ಬಾಂಧವ್ಯವೇ ಮಗುವನ್ನು ತಡೆದು ನಿಲ್ಲಿಸುವ ಕಟ್ಟು ಎಂಬುದು ಅವನ ಸಿದ್ಧಾಂತದ ತಿರುಳು. ಇದನ್ನು ಓದುವಾಗ, ಕಟ್ಟನ್ನು ಬಿಗಿಮಾಡಬೇಕಾದ ಹೊತ್ತಿನಲ್ಲಿ ಕತ್ತರಿಸಿದ ನನ್ನ ಆ ಒಂದು ಮಾತು ನೆನಪಾಗದೆ ಇರಲಿಲ್ಲ.

ಇನ್ನೊಂದು ಪ್ರಸಂಗ ನಮ್ಮ ಹಸ್ತಪ್ರತಿ ಸಂಶೋಧಕರಿಗೆ ಪ್ರಿಯವಾಗಬಹುದು. ಹಾರ್ವರ್ಡ್ ವಿಶ್ವವಿದ್ಯಾನಿಲಯದ ಗ್ಲೂಕ್ ದಂಪತಿಗಳು ಬಾಸ್ಟನ್ ನಗರದಲ್ಲಿ ಅಪರಾಧಕ್ಕೆ ಸಿಲುಕಿದ 500 ಬಾಲಕರನ್ನೂ ಸಿಲುಕದ 500 ಬಾಲಕರನ್ನೂ ಹೋಲಿಸಿ 1950ರಲ್ಲಿ ಗ್ರಂಥ ರಚಿಸಿದರು. ಅವರ ಮೂಲ ದಾಖಲೆಗಳು ಗ್ರಂಥಾಲಯದ ನೆಲಮಾಳಿಗೆಯಲ್ಲಿ ಧೂಳು ತಿನ್ನುತ್ತ ಬಿದ್ದಿದ್ದವು. ಮೈಸೂರಿನ ಪ್ರಾಚ್ಯ ಕೋಶಾಗಾರದಲ್ಲಿ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಕಂಡಂತೆ, ಲಾಬ್ ಮತ್ತು ಸ್ಯಾಂಪ್ಸನ್ ಎಂಬಿಬ್ಬರು ಆ ದಾಖಲೆಗಳನ್ನು ಕಂಡು ಹೊಸದಾಗಿ ಪರಿಶೋಧಿಸಿ 1993ರಲ್ಲಿ ಗ್ರಂಥ ಪ್ರಕಟಿಸಿದರು. ಮುಂದೆ ಆ ಬಾಲಕರಲ್ಲಿ ಕೆಲವರನ್ನು ಅವರ ವೃದ್ಧಾಪ್ಯದಲ್ಲಿ ಹುಡುಕಿ ಮಾತನಾಡಿಸಿದರು. ಸ್ಥಿರವಾದ ಉದ್ಯೋಗ, ಒಳ್ಳೆಯ ದಾಂಪತ್ಯ ಮೊದಲಾದ ತಿರುವುಗಳು ಅನೇಕರನ್ನು ಸರಿದಾರಿಗೆ ತಂದಿದ್ದವು. ಬಾಲ್ಯದ ತಪ್ಪು ಹಣೆಬರಹವಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಕೆ?

ಇಷ್ಟೆಲ್ಲ ತಿಳಿದಿದ್ದರೂ ಅದು ಬಾಸ್ಟನ್ನಿನ ತಿಳಿವಳಿಕೆ. ದೊಡ್ಡಬಳ್ಳಾಪುರದ ವಿದ್ಯುತ್ ಮಗ್ಗಗಳ ಸದ್ದಿನ ನಡುವೆ ಬೆಳೆಯುವ ಹುಡುಗ, ಬಾಶೆಟ್ಟಿಹಳ್ಳಿಯ ಕಾರ್ಖಾನೆಗಳಿಗೆ ದುಡಿಯಲು ದೂರದಿಂದ ಬಂದವರ ಹುಡುಗ, ಜಮೀನು ಮಾರಿದ ಹಣ ಮನೆಗೆ ಬಂದು ಬೇಸಾಯ ಬಿಟ್ಟುಹೋದ ಕುಟುಂಬದ ಹುಡುಗ, ರಾತ್ರಿಯೆಲ್ಲ ಮೊಬೈಲ್ ಹಿಡಿದು ಹಗಲು ತರಗತಿಯಲ್ಲಿ ತೂಕಡಿಸುವ ಹುಡುಗ, ಇವರ ಕಥೆಯನ್ನು ಯಾವ ವಿದೇಶದ ಗ್ರಂಥವೂ ನಮಗೆ ಹೇಳಲಾರದು. ಅದನ್ನು ಇಲ್ಲಿಯ ಮಣ್ಣಿನಲ್ಲಿ ಹುಟ್ಟಿ, ಇಲ್ಲಿಯ ಮಾತನ್ನಾಡುವ ಸಂಶೋಧಕರೇ ಬರೆಯಬೇಕು. ಅದಕ್ಕೆ ಬೇಕಾದ ವಿದ್ಯಾಸ್ಥಾನಗಳು ನಾಡಿನಲ್ಲಿಯೇ ಇವೆ. ಮುಂಬಯಿ ಪ್ರಾಂತದ ಕಾಲದಲ್ಲಿ ತಪ್ಪಿಗೆ ಸಿಲುಕಿದ ತರುಣರಿಗಾಗಿ ಬೋರ್ಸ್ಟಲ್ ಶಾಲೆ ಇದ್ದ ಧಾರವಾಡದಲ್ಲಿಯೇ ಕರ್ನಾಟಕ ವಿಶ್ವವಿದ್ಯಾಲಯದ ಅಪರಾಧಶಾಸ್ತ್ರ ವಿಭಾಗವಿದೆ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ, ರಾಷ್ಟ್ರೀಯ ಕಾನೂನು ಶಾಲೆ ಇದೆ. ಕನ್ನಡದಲ್ಲಿಯೇ ಮಹಾಪ್ರಬಂಧ ಬರೆಯುವವರಿಗೆ 1991ರಲ್ಲಿ ಸ್ಥಾಪಿತವಾದ ಹಂಪಿಯ ಕನ್ನಡ ವಿಶ್ವವಿದ್ಯಾಲಯವಿದೆ.

ಮಾರ್ಗ ಸುಲಭವೆಂದು ನಾನು ಹೇಳುವುದಿಲ್ಲ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ 2022ರ ನಿಯಮಗಳಂತೆ ಪಿಎಚ್.ಡಿ.ಗೆ ಕನಿಷ್ಠ 3 ವರ್ಷ, ಸಾಮಾನ್ಯವಾಗಿ ಗರಿಷ್ಠ 6 ವರ್ಷಗಳ ಅವಧಿಯಿದೆ. ಪ್ರವೇಶಕ್ಕೆ ಪರೀಕ್ಷೆ, ಆರಂಭದಲ್ಲಿ ಸಂಶೋಧನಾ ವಿಧಾನದ ಪಾಠಗಳು, ಕೊನೆಯಲ್ಲಿ ಮೌಖಿಕ ಪರೀಕ್ಷೆ ಇವೆಲ್ಲ ಇದ್ದದ್ದೇ. ಈ ವಿಷಯದಲ್ಲಿ ಮಾತ್ರ ಇನ್ನೂ ಕೆಲವು ಬಾಗಿಲುಗಳನ್ನು ದಾಟಬೇಕು. ವೀಕ್ಷಣಾಲಯದ ಮಕ್ಕಳನ್ನು ಕಾಣಲು ಅಧಿಕಾರಿಗಳ ಅನುಮತಿ ಬೇಕು. ಪೋಷಕರ ಸಮ್ಮತಿ ಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಬೇಡವೆನ್ನುವ ಸ್ವಾತಂತ್ರ್ಯ ತನಗಿದೆಯೆಂದು ತಿಳಿದ ಮಗುವಿನ ಒಪ್ಪಿಗೆ ಬೇಕು. 2015ರ ಅಧಿನಿಯಮದ 74ನೆಯ ಪ್ರಕರಣ ಮಗುವಿನ ಹೆಸರು, ವಿಳಾಸ, ಶಾಲೆ, ಇವುಗಳಲ್ಲಿ ಯಾವುದನ್ನೂ ಬಹಿರಂಗಪಡಿಸಬಾರದೆಂದು ವಿಧಿಸುತ್ತದೆ. ಸಂಶೋಧಕಿಯ ಹೆಸರಿನ ಹಿಂದೆ 'ಡಾಕ್ಟರ್' ಎಂಬ ಪದವಿ ಸೇರಬಹುದು; ಆದರೆ ಅದನ್ನು ಗಳಿಸಿಕೊಟ್ಟ ಮಗುವಿನ ಹೆಸರು ಎಲ್ಲಿಯೂ ಕಾಣಿಸಿಕೊಳ್ಳಬಾರದು. ಈ ವಿನಯವನ್ನು ಕಲಿಯದವರು ಈ ವಿಷಯವನ್ನು ಮುಟ್ಟದಿರುವುದೇ ಮೇಲು.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕು. ಇದೆಲ್ಲ ಅತಿಯಾದ ಮೃದುತ್ವ, ಒಬ್ಬನನ್ನು ಕ್ಷಮಿಸಿದರೆ ಉಳಿದ ಮಕ್ಕಳೂ ಕೆಡುತ್ತಾರೆ ಎಂದು ನನ್ನ ಸಹೋದ್ಯೋಗಿಗಳಲ್ಲಿಯೇ ಹಲವರು ಹೇಳುತ್ತಾರೆ. 2012ರ ದೆಹಲಿಯ ದಾರುಣ ಘಟನೆಯ ತರುವಾಯ ದೇಶದಲ್ಲೆಲ್ಲ ಎದ್ದ ಆಕ್ರೋಶವನ್ನು ನಾವು ಕಂಡಿದ್ದೇವೆ. ನೊಂದವರ ನೋವು ಸುಳ್ಳಲ್ಲ. ಅದರ ಫಲವಾಗಿಯೇ 2015ರ ಅಧಿನಿಯಮವು, 16 ವರ್ಷ ತುಂಬಿ 18 ತುಂಬದವರು ಅತಿ ಘೋರ ಕೃತ್ಯವೆಸಗಿದರೆನ್ನಲಾದಾಗ ಪ್ರಾಥಮಿಕ ನಿರ್ಧರಣೆ ನಡೆಸಿ, ವಯಸ್ಕರಂತೆ ವಿಚಾರಣೆಗೆ ಕಳುಹಿಸಲು ಅವಕಾಶ ಕಲ್ಪಿಸಿತು. ಆದರೆ ಆ ನಿರ್ಧರಣೆಗಾಗಿ ಮಗುವಿನ ಮಾನಸಿಕ ಸಾಮರ್ಥ್ಯ, ಪರಿಣಾಮವನ್ನು ಅರಿಯುವ ಶಕ್ತಿ, ಕೃತ್ಯ ನಡೆದ ಸಂದರ್ಭ ಇವುಗಳನ್ನು ಅಳೆಯಬೇಕು. ಅಳೆಯುವವರು ಯಾರು? ತರಬೇತಿ ಪಡೆದ ವಿದ್ವಾಂಸರಲ್ಲವೆ? ಕಠಿಣವಾಗಬೇಕೆನ್ನುವವರಿಗೂ ಕನಿಕರ ಬೇಕೆನ್ನುವವರಿಗೂ ಈ ಶಾಸ್ತ್ರ ಸಮಾನವಾಗಿಯೇ ಆವಶ್ಯಕ. ಕಾರಣವನ್ನು ಅರಿಯುವುದೆಂದರೆ ತಪ್ಪನ್ನು ಒಪ್ಪಿಕೊಂಡಂತಲ್ಲ.

ಈ ಹಿನ್ನೆಲೆಯಲ್ಲಿ ಕೆಲವು ಸಲಹೆಗಳನ್ನು ವಿನಯಪೂರ್ವಕವಾಗಿ ಮಂಡಿಸುತ್ತೇನೆ. ಉಪಾಧ್ಯಾಯ ಮಿತ್ರರಲ್ಲಿ ನನ್ನ ಬಿನ್ನಹ: 2009ರ ಶಿಕ್ಷಣ ಹಕ್ಕಿನ ಅಧಿನಿಯಮದಂತೆ ಎಂಟನೆಯ ತರಗತಿ ಮುಗಿಯುವವರೆಗೆ ಯಾವ ಮಗುವನ್ನೂ ಶಾಲೆಯಿಂದ ಹೊರಹಾಕುವಂತಿಲ್ಲ. ಒಂಬತ್ತು, ಹತ್ತನೆಯ ತರಗತಿಗಳಲ್ಲಿಯೂ ಅದನ್ನೇ ನಮ್ಮ ವ್ರತವಾಗಿ ಇಟ್ಟುಕೊಳ್ಳೋಣ. ಮೊದಲ ತಪ್ಪಿಗೆ ಟಿ.ಸಿ. ಕೊಡುವ ಮುನ್ನ ಒಬ್ಬ ಉಪಾಧ್ಯಾಯರು ಆ ಮನೆಯ ಹೊಸ್ತಿಲನ್ನು ತುಳಿದು ಬರಲಿ. ಹಳೆಯ ವಿದ್ಯಾರ್ಥಿಗಳಲ್ಲಿ ವಕೀಲರಿದ್ದಾರೆ, ವೈದ್ಯರಿದ್ದಾರೆ, ಪೊಲೀಸ್ ಇಲಾಖೆಯಲ್ಲಿರುವವರಿದ್ದಾರೆ. ಇಂತಹ ಸಂಶೋಧನೆಗೆ ಹೊರಟವರಿಗೆ ಅವರು ದಾರಿ ತೋರಿಸಲಿ. ದಾನಿಗಳಲ್ಲಿ ನನ್ನ ಪ್ರಾರ್ಥನೆ: ಕಟ್ಟಡಕ್ಕೂ ಪ್ರಸಾದನಿಲಯಕ್ಕೂ ಉದಾರವಾಗಿ ಕೊಟ್ಟ ತಾವು, ಈ ವಿಷಯದಲ್ಲಿ ಪಿಎಚ್.ಡಿ. ಮಾಡುವ ನಮ್ಮ ಶಾಲೆಯ ಒಬ್ಬ ಹಳೆಯ ವಿದ್ಯಾರ್ಥಿಗೆ ಐದು ವರ್ಷಗಳ ಶಿಷ್ಯವೇತನವನ್ನು ಸ್ಥಾಪಿಸಬೇಕು. ಷರತ್ತು ಒಂದೇ: ಮಹಾಪ್ರಬಂಧ ಯಾವ ಭಾಷೆಯಲ್ಲಿದ್ದರೂ ಅದರ ಸಾರ ಸರಳಗನ್ನಡದಲ್ಲಿ ಅಚ್ಚಾಗಿ ಈ ಹೋಬಳಿಯ ಪ್ರತಿಯೊಂದು ಶಾಲೆಗೂ ತಲುಪಬೇಕು. ವಿಶ್ವವಿದ್ಯಾನಿಲಯದ ಕಪಾಟಿನಲ್ಲಿ ಉಳಿದ ವಿದ್ಯೆ ನೆಲಮಾಳಿಗೆಯ ದಾಖಲೆಯಂತೆಯೇ ಸರಿ.

ತೂಬಗೆರೆ ಎಂಬ ಹೆಸರು ಕಿವಿಗೆ ಬಿದ್ದೊಡನೆ ತೂಬು, ಕೆರೆ ಎರಡೂ ಮನಸ್ಸಿಗೆ ಬರುತ್ತವೆ. ಕೆರೆ ತುಂಬಿದಾಗ ತೂಬನ್ನು ಸಕಾಲದಲ್ಲಿ ಎತ್ತಿ ನೀರನ್ನು ಗದ್ದೆಗೆ ಹರಿಸಿದವನು ನೀರುಗಂಟಿ. ಏರಿ ಒಡೆದ ಮೇಲೆ ನೀರನ್ನು ಬೈಯುವವನು ನೀರುಗಂಟಿಯಲ್ಲ. ಹದಿಹರೆಯದ ಮಕ್ಕಳ ವಿಷಯದಲ್ಲಿ ನಾವು ಇಷ್ಟು ಕಾಲ ನೀರನ್ನು ಬೈದದ್ದು ಸಾಕು.

ಆ ವಿದ್ಯಾರ್ಥಿನಿಯ ತಂದೆಯವರನ್ನು ಮೊನ್ನೆ ಕಂಡು ಬಂದೆ. ಪೂರ್ತಿ ಒಪ್ಪಲಿಲ್ಲ, "ತಾವು ಹೇಳುತ್ತೀರೆಂದರೆ ನೋಡೋಣ ಗುರುಗಳೇ" ಎಂದರು. ಪ್ರಶ್ನಾವಳಿಯನ್ನೂ ಮುಗಿಸಿ ಕಳುಹಿಸಿದ್ದೇನೆ. ಮೊದಲನೆಯ ಪ್ರಶ್ನೆಯನ್ನು ಆಕೆಯ ಒಪ್ಪಿಗೆ ಪಡೆದು ಬದಲಿಸಿದೆ. ಅದು ಈಗ ಹೀಗಿದೆ: "ಶಾಲೆಯಲ್ಲಿ ನಿನಗೆ ಇಷ್ಟವಾಗಿದ್ದ ಮೇಷ್ಟ್ರು ಯಾರಾದರೂ ಇದ್ದರೇನಪ್ಪಾ?" ಈ ಪ್ರಶ್ನೆಗೆ ನಮ್ಮ ಶಾಲೆಯ ಮಕ್ಕಳೆಲ್ಲರೂ ಹೌದೆಂದು ಉತ್ತರಿಸುವಂತಾದರೆ ನಮ್ಮ ವಿದ್ಯಾಸಂಸ್ಥೆಯ ಶ್ರಮ ಸಾರ್ಥಕವೆಂದು ಭಾವಿಸುತ್ತೇನೆ.