ಗುಜರಿಗೆ ಹಾಕೋ ಮುಂಚೆ ಮುಚ್ಚಳ ಬಿಚ್ಚಿ ನೋಡ್ರಿ

1/5

ಫೋಟೊದಲ್ಲಿ ಇರೋದು ನಮ್ಮ ಚಿಕ್ಕಪ್ಪನ ಸಿಪಿಯು. ಹಿಂದೆ ಹಂಪಿ ಬಜಾರ್, ಆ ತುದಿಗೆ ವಿರೂಪಾಕ್ಷನ ಗೋಪುರ. ಬೆಳಕು ಚೆನ್ನಾಗಿದೆ ಅಂತ ಹೊತ್ಕೊಂಡು ಹೊರಗೆ ತಂದಿದ್ದೆ. ಟೂರಿಸ್ಟ್‌ಗಳು ಗೋಪುರ ಬಿಟ್ಟು ಇದನ್ನೇ ನೋಡ್ತಿದ್ರು. ನಗಬೇಡ್ರಿ.

2011ರಲ್ಲಿ ಬಜಾರಿನ ಮಂಟಪಗಳನ್ನ ಖಾಲಿ ಮಾಡಿಸಿದಾಗ ಚಿಕ್ಕಪ್ಪನ ಅಂಗಡಿಯೂ ಹೋಯ್ತು. ಎರಡು ವರ್ಷ ಬಿಟ್ಟು ಜನತಾ ಪ್ಲಾಟ್‌ನಲ್ಲಿ ನಾಲ್ಕು ರೂಮಿನ ಗೆಸ್ಟ್‌ಹೌಸ್ ಶುರು ಮಾಡಿದ್ರು, ಆಗ ತಗೊಂಡ ಡೆಸ್ಕ್‌ಟಾಪ್ ಇದು. ಐ3 ಮೂರನೇ ತಲೆಮಾರು, 4 ಜಿಬಿ ರ್‍ಯಾಮ್, 500 ಜಿಬಿ ಹಾರ್ಡ್ ಡಿಸ್ಕ್. ವಿದೇಶಿ ಅತಿಥಿ ಬಂದ್ರೆ 24 ಗಂಟೆಯೊಳಗೆ ಆನ್‌ಲೈನಲ್ಲಿ ಸಿ-ಫಾರ್ಮ್ ತುಂಬಬೇಕಿತ್ತಲ್ಲ, ಮುಖ್ಯವಾಗಿ ಅದಕ್ಕೆ.

ಇತ್ತೀಚೆಗೆ ಆನ್ ಮಾಡಿ ಟೀ ಕುಡಿದು ಬಂದ್ರೂ ಸುತ್ತುತ್ತಾನೇ ಇರೋದು. ಹೊಸಪೇಟೆಯ ಒಂದು ಅಂಗಡಿಗೆ ಒಯ್ದ್ವಿ. ಅವರು ಮುಚ್ಚಳ ಕೂಡ ಬಿಚ್ಚಲಿಲ್ಲ.

"ಇದು ಸತ್ತೈತಿ ಅಣ್ಣಾ. 800 ಕೊಡ್ತೀನಿ, ಬಿಟ್ಟು ಹೋಗ್ರಿ. ಹೊಸ ಲ್ಯಾಪ್‌ಟಾಪ್ ತಗೋರಿ, ನೋ ಕಾಸ್ಟ್ ಇಎಂಐ ಐತಿ."

ಚಿಕ್ಕಪ್ಪ ಆಗಲೇ ಜೇಬಿನಿಂದ ಆಧಾರ್ ಕಾರ್ಡ್ ತೆಗೆದಿದ್ರು. ನಾನು ಕೈ ಹಿಡಿದೆ.

ನಮ್ಮ ಕ್ಲಾಸಲ್ಲೂ ಇದೇ ಮಾತು ಕೇಳಿ ಸಾಲ ಮಾಡಿದವರಿದ್ದೀರಿ. ಬೇಜಾರಾದ್ರೂ ಓದ್ರಿ.

2/5

ಮೊದಲು ರೋಗ ಯಾವುದು ಅಂತ ತಿಳಿಬೇಕು. ಟಾಸ್ಕ್ ಮ್ಯಾನೇಜರ್ ತೆಗೀರಿ. ಸಿಪಿಯು 8%, ಡಿಸ್ಕ್ 100% ಅಂತ ತೋರಿಸ್ತಿದ್ರೆ, ಪ್ರೊಸೆಸರ್ ಕೆಲಸ ಇಲ್ಲದೆ ಕೂತಿದೆ, ಡಿಸ್ಕು ಯಾವಾಗ ಕೊಡುತ್ತೋ ಅಂತ ಕಾಯ್ತಿದೆ ಅಂತ ಅರ್ಥ.

ಡೆಸ್ಕ್‌ಟಾಪಿನ ಮಾಮೂಲಿ ಹಾರ್ಡ್ ಡಿಸ್ಕ್ ನಿಮಿಷಕ್ಕೆ 7200 ಸುತ್ತು, ಸೆಕೆಂಡಿಗೆ 120 ಸುತ್ತು ತಿರುಗುತ್ತೆ. ಬೇಕಾದ ಫೈಲಿನ ಜಾಗಕ್ಕೆ ಅದರ ಮುಳ್ಳು ಸರಿಯಬೇಕು, ಆಮೇಲೆ ತಟ್ಟೆ ತಿರುಗಿ ಆ ಜಾಗ ಮುಳ್ಳಿನ ಕೆಳಗೆ ಬರಬೇಕು. ಎರಡೂ ಸೇರಿ ಸುಮಾರು 12 ಮಿಲಿಸೆಕೆಂಡ್. ಅಂದ್ರೆ ಚದುರಿದ ಸಣ್ಣ ಸಣ್ಣ ಫೈಲಾದ್ರೆ ಸೆಕೆಂಡಿಗೆ ನೂರು ಕೂಡ ಓದೋಕಾಗಲ್ಲ. ವಿಂಡೋಸ್ ಶುರುವಾಗುವಾಗ ಕೇಳೋದು ಅಂಥ ಫೈಲುಗಳನ್ನೇ, ಸಾವಿರಗಟ್ಟಲೆ.

ತಳವಾರಘಟ್ಟದಲ್ಲಿ ಒಂದೇ ಹರಿಗೋಲು ಇಟ್ಟು, ಒಂದು ಸಲಕ್ಕೆ ಒಬ್ಬರನ್ನೇ ಆನೆಗೊಂದಿಗೆ ದಾಟಿಸಿದಂಗೆ. ದಡದಲ್ಲಿ ಜಾತ್ರೆ ಸೇರಿದೆ. ಹರಿಗೋಲಿನವನನ್ನ ಬೈದು ಏನು ಉಪಯೋಗ?

ಎಸ್‌ಎಸ್‌ಡಿಯಲ್ಲಿ ತಿರುಗೋ ತಟ್ಟೆ ಇಲ್ಲ, ಸರಿಯೋ ಮುಳ್ಳಿಲ್ಲ. ಪೆನ್‌ಡ್ರೈವ್ ಜಾತಿಯ ಮೆಮೊರಿ ಚಿಪ್, ಜೊತೆಗೆ ಅದಕ್ಕಿಂತ ಬಹಳ ಚುರುಕಾದ ಕಂಟ್ರೋಲರ್. ಒಂದು ಫೈಲು ಹುಡುಕೋಕೆ ಮಿಲಿಸೆಕೆಂಡಿನ ಹತ್ತನೇ ಒಂದು ಪಾಲು, ಹೆಚ್ಚುಕಡಿಮೆ. ಪ್ಯಾಕೆಟ್ ಮೇಲಿನ 550 ಎಂಬಿ ಸ್ಪೀಡ್ ನೋಡಿ ಮರುಳಾಗಬೇಡ್ರಿ. ಚಿಕ್ಕಪ್ಪನ ಬೋರ್ಡು ಹಳೇ ಎಚ್61, ಅದರ ಸಾಟಾ ಪೋರ್ಟು ಆ ಸ್ಪೀಡಿನ ಅರ್ಧ ಮಾತ್ರ ಬಿಡುತ್ತೆ. ಆದ್ರೂ ದಿನದ ಕೆಲಸದಲ್ಲಿ ವ್ಯತ್ಯಾಸ ಗೊತ್ತಾಗಲ್ಲ. ನಮ್ಮನ್ನ ಸಾಯಿಸ್ತಿರೋದು ಹುಡುಕೋ ಹೊತ್ತು.

3/5

ಈಗ ಅಂಗಡಿಯ ಆಟ ನೋಡ್ರಿ. ನಿಮ್ಮ ಹಳೇದರ ಪಕ್ಕ ಹೊಸದನ್ನ ಇಟ್ಟು ಎರಡನ್ನೂ ಆನ್ ಮಾಡಿ ತೋರಿಸ್ತಾರೆ. ಹೊಸದು ಹದಿನೈದು ಸೆಕೆಂಡಿಗೆ ರೆಡಿ. ಅಬ್ಬಾ ಅಂತೀರಿ. ಆದ್ರೆ ಹೊಸದರ ಒಳಗೆ ಎಸ್‌ಎಸ್‌ಡಿ ಇದೆ, ನಿಮ್ಮದರೊಳಗೆ ಹಾರ್ಡ್ ಡಿಸ್ಕ್. ಆ ಪಂದ್ಯ ನಡೆದಿದ್ದು ಎರಡು ಡಿಸ್ಕುಗಳ ಮಧ್ಯೆ. ನಿಮ್ಮದಕ್ಕೂ ಎಸ್‌ಎಸ್‌ಡಿ ಹಾಕಿ ಆಮೇಲೆ ಪಂದ್ಯ ಆಡ್ಸಿ ಅಂದ್ರೆ ಯಾವ ಅಂಗಡಿಯವರೂ ಆಡ್ಸಲ್ಲ.

ಆ "ನೋ ಕಾಸ್ಟ್" ಕಥೆಯೂ ಅಷ್ಟೇ. ಶೂನ್ಯ ಬಡ್ಡಿ ಅನ್ನೋದು ಇಲ್ಲವೇ ಇಲ್ಲ ಅಂತ ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಹೇಳಿದೆ, ಅಂದ್ರೆ ಚಿಕ್ಕಪ್ಪ ಈ ಕಂಪ್ಯೂಟರ್ ತಗೊಂಡ ವರ್ಷವೇ. ನಗದಿಗೆ ಸಿಗೋ ರಿಯಾಯ್ತಿ ತಪ್ಪುತ್ತೆ, ಪ್ರೊಸೆಸಿಂಗ್ ಫೀ ಬೀಳುತ್ತೆ. ಎಲ್ಲೋ ಒಂದು ಕಡೆ ಕಿತ್ಕೊಂಡೇ ಕಿತ್ಕೊಳ್ತಾರೆ.

"ಸಾಯೋ ಮಷಿನಿಗೆ ಯಾಕೋ ದುಡ್ಡು ಹಾಕ್ತಿ?" ಅಂತ ಗ್ರೂಪಲ್ಲಿ ಒಬ್ಬ ಕೇಳಿದ. ಲೇ ದೋಸ್ತ, ನೀನು ಹೊಸಪೇಟೆಯವನು. 2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 19ನೇ ಗೇಟಿನ ಚೈನು ಕಡಿದು ಗೇಟು ಕೊಚ್ಚಿ ಹೋದಾಗ ಊರೆಲ್ಲ ಓಡಿ ಹೋಗಿ ನೋಡಿತ್ತಲ್ಲ. ಡ್ಯಾಮ್ ಹಳೇದಾಯ್ತು, ಒಡೆದು ಹಾಕ್ರಿ ಅಂತ ಯಾರಾದ್ರೂ ಅಂದ್ರಾ? ಕನ್ನಯ್ಯ ನಾಯ್ಡು ಅವರ ತಂಡ ಹರಿಯೋ ನೀರಲ್ಲೇ ಸ್ಟಾಪ್‌ಲಾಗ್ ಇಳಿಸಿತು, ಸುಮಾರು ಒಂದು ವಾರದಲ್ಲಿ ನೀರು ನಿಂತಿತು. ಆಮೇಲೆ ಎಲ್ಲ 33 ಗೇಟೂ ಬದಲಾಗಬೇಕು ಅಂತ ತಜ್ಞರು ಹೇಳಿದ್ರು, ಸರಿ. ಆಗಲೂ ಬದಲಾಗೋದು ಗೇಟು. ಕಟ್ಟೆ ಅಲ್ಲೇ ಇರುತ್ತೆ.

4/5

ನನ್ನ ವಿರುದ್ಧ ಗಟ್ಟಿಯಾದ ಮಾತು ಒಂದಿದೆ, ಅದನ್ನ ಮುಚ್ಚಿಡಲ್ಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗೀತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಬೇಕು, ಇಂಟೆಲ್ ಆದ್ರೆ ಎಂಟನೇ ತಲೆಮಾರಿನ ಪ್ರೊಸೆಸರ್ ಬೇಕು. ಮೂರನೇ ತಲೆಮಾರಿನ ಐ3ಗೆ ಎಷ್ಟು ಎಸ್‌ಎಸ್‌ಡಿ ಹಾಕಿದ್ರೂ ಆ ಬಾಗಿಲು ತೆರೆಯಲ್ಲ. ನಿಜ.

ಆದ್ರೆ ಚಿಕ್ಕಪ್ಪನಿಗೆ ಬೇಕಾಗಿದ್ದು ಏನು? ಬ್ರೌಸರ್, ಪ್ರಿಂಟ್, ಒಂದು ಎಕ್ಸೆಲ್ ಥರದ ಲೆಕ್ಕ. ಲಿನಕ್ಸ್ ಮಿಂಟ್ ಹಾಕಿದೆ, ದುಡ್ಡು ಕೇಳಲ್ಲ. ಕನ್ನಡಕ್ಕೆ ಕಗಪ ಕೀಲಿಮಣೆ ಅದರಲ್ಲೇ ಇದೆ, ನುಡಿಯಲ್ಲಿ ಟೈಪ್ ಮಾಡೋ ವಿನ್ಯಾಸವೇ. ಪ್ರಿಂಟರ್ ಮಾತ್ರ ಒಂದು ಸಂಜೆ ಪೂರ್ತಿ ಕಾಟ ಕೊಡ್ತು, ಅದನ್ನೂ ಹೇಳಿಬಿಡ್ತೀನಿ.

ಬಿಕಾಂನವರೇ, ಟ್ಯಾಲಿ ಲಿನಕ್ಸಲ್ಲಿ ನೇರವಾಗಿ ಓಡಲ್ಲ. ಆಟೋಕ್ಯಾಡ್, ಫೋಟೊಶಾಪ್ ಕೂಡ. ಅವೇ ನಿಮ್ಮ ಕೆಲಸ ಆದ್ರೆ, ಮಷಿನ್ ಎಂಟನೇ ತಲೆಮಾರಿಗಿಂತ ಹಳೇದಾದ್ರೆ, ಹೊಸದು ತಗೋರಿ. ವಿಡಿಯೊ ಎಡಿಟಿಂಗ್, ಗೇಮ್ ಅನ್ನೋರಿಗೂ ಎಸ್‌ಎಸ್‌ಡಿ ಒಂದರಿಂದ ಪವಾಡ ಆಗಲ್ಲ. ನನ್ನ ಜಗಳ ಅವರ ಜೊತೆ ಅಲ್ಲ. ನೋಟ್ಸ್ ಪಿಡಿಎಫ್, ಆನ್‌ಲೈನ್ ಫಾರ್ಮ್, ಯೂಟ್ಯೂಬ್, ಇಷ್ಟಕ್ಕೆ 45,000ದ ಸಾಲ ಮಾಡಿ, ಆ ಕಂತನ್ನ ಅಪ್ಪನ ಬಾಳೆಕಾಯಿ ದುಡ್ಡಲ್ಲಿ ಕಟ್ಟಿಸೋರ ಜೊತೆ.

5/5

ಖರ್ಚು: 256 ಜಿಬಿ ಎಸ್‌ಎಸ್‌ಡಿ ಎರಡು ಸಾವಿರದೊಳಗೆ ಬಿತ್ತು, ಇನ್ನೊಂದು 4 ಜಿಬಿ ಹಳೇ ಡಿಡಿಆರ್3 ರ್‍ಯಾಮ್ ಪರಿಚಯದವರ ಹತ್ರ 400ಕ್ಕೆ ಸಿಕ್ತು. ಮೆಮೊರಿ ರೇಟು ಆಮೇಲೆ ಏರಿದೆ, ಕೇಳಿಕೊಂಡು ಹೋಗ್ರಿ. ಈಗ ಪವರ್ ಒತ್ತಿದ ಮೇಲೆ ಬ್ರೌಸರ್ ತೆರೆಯೋಕೆ 26 ಸೆಕೆಂಡ್, ಮೊದಲು ನಾಲ್ಕು ನಿಮಿಷದ ಮೇಲೆ.

ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿಯನ್ನೇ ಕೇಳ್ರಿ. ಲೇಟೆಸ್ಟ್ ಅಂತ ಎನ್‌ವಿಎಂಇ ಕೈಗಿಟ್ರೆ ವಾಪಸ್ ಕೊಡ್ರಿ, ಇಂಥ ಹಳೇ ಬೋರ್ಡಲ್ಲಿ ಅದಕ್ಕೆ ಸ್ಲಾಟೇ ಇರಲ್ಲ. ಆನ್‌ಲೈನಲ್ಲಿ ಎಂಟುನೂರಕ್ಕೆ 2 ಟಿಬಿ ಅಂತ ಕಂಡ್ರೆ ಅದು ಮೋಸ. ಒಂದು ಸಾಟಾ ಡೇಟಾ ಕೇಬಲ್ ಬೇಕು, ಪವರ್ ಕೇಬಲ್ ಒಳಗೇ ಇರುತ್ತೆ. ಬಯಾಸ್‌ನಲ್ಲಿ ಎಎಚ್‌ಸಿಐ ಇದೆಯಾ ನೋಡ್ರಿ. ಮುಚ್ಚಳ ಬಿಚ್ಚಿದ ಮೇಲೆ ಫ್ಯಾನಿನ ದೂಳೂ ತೆಗೀರಿ. ಚಿಕ್ಕಪ್ಪನದರಲ್ಲಿ ಕೆಂಪು ಮಣ್ಣು ಒಂದು ಹಿಡಿ ಬಂತು, ಸಂಡೂರು ಮೈನ್ಸೇ ಒಳಗಿತ್ತು ಅನ್ಬೇಕು. ಏನೇ ಮಾಡೋ ಮುಂಚೆ ಫೈಲುಗಳನ್ನ ಬೇರೆ ಕಡೆ ಕಾಪಿ ಮಾಡ್ಕೊಳ್ರಿ. ಡಿಸ್ಕು ಟಕ್ ಟಕ್ ಅಂತಿದ್ರೆ ಇವತ್ತೇ.

ಆ 800 ರೂಪಾಯಿ ವಿಷಯಕ್ಕೆ ಬರ್ತೀನಿ. ಹಳೇ ಡಿಸ್ಕು ಕಾಪಿ ಮಾಡುವಾಗ ಒಂದು ಫೋಲ್ಡರ್ ಸಿಕ್ತು. ವರ್ಷಗಟ್ಟಲೆ ಬಂದ ಅತಿಥಿಗಳ ಪಾಸ್‌ಪೋರ್ಟ್, ವೀಸಾ ಸ್ಕ್ಯಾನುಗಳು. ಜೊತೆಗೆ ನಮ್ಮ ಮನೆಯವರ ಆಧಾರ್, ಬ್ಯಾಂಕ್ ಪಾಸ್‌ಬುಕ್, ಅಕ್ಕನ ಮದುವೆ ಫೋಟೊ. ಡಿಲೀಟ್ ಒತ್ತಿದ್ರೆ ಅವು ಅಳಿಯಲ್ಲ, ಮೇಲೆ ಬೇರೆ ಏನಾದ್ರೂ ಬರೆಯೋವರೆಗೂ ಹುಷಾರಾದವರು ಹೊರಗೆ ತೆಗೀತಾರೆ. ಅಂಗಡಿಯವರು ಕೇಳಿದ್ದು ಅಷ್ಟನ್ನೂ ಸೇರಿಸಿ 800ಕ್ಕೆ. ಡಿಸ್ಕು ಈಗ ಅಜ್ಜಿಯ ಟ್ರಂಕಲ್ಲಿದೆ, ಬೀಗದ ಕೈ ಅಜ್ಜಿ ಹತ್ರ.

ಯಾರ ಮನೇಲಿ ಹಳೇ ಡೆಸ್ಕ್‌ಟಾಪ್ ಮೂಲೆ ಸೇರಿದೆಯೋ, ಇಎಂಐ ಫಾರ್ಮಿಗೆ ಸೈನ್ ಹಾಕೋ ಮುಂಚೆ ಟಾಸ್ಕ್ ಮ್ಯಾನೇಜರ್ ಫೋಟೊ ಮೆಸೇಜ್ ಮಾಡ್ರಿ. ಭಾನುವಾರ ಮಧ್ಯಾಹ್ನ ಜನತಾ ಪ್ಲಾಟ್‌ನಲ್ಲೇ ಇರ್ತೀನಿ. ಸ್ಕ್ರೂಡ್ರೈವರ್ ನನ್ನದು, ಟೀ ನಿಮ್ಮದು.

#ಹಂಪಿಬಜಾರ್ #ಹೊಸಪೇಟೆ #ಹಳೇಕಂಪ್ಯೂಟರ್ #ಮುಚ್ಚಳಬಿಚ್ಚು