ಶನಿವಾರದ ಕ್ರಾಫ್ಟ್ ಪಿರಿಯಡ್ ಉಳಿಯಲಿ

ಮುಂದಿನ ಅವಧಿಯಿಂದ ಶನಿವಾರದ ಕೊನೆಯ ಪಿರಿಯಡ್ಡನ್ನು ಸಿಇಟಿ ಅಭ್ಯಾಸಕ್ಕೆ ಕೊಡಬೇಕು, ಕ್ರಾಫ್ಟ್ ಬೇಡ ಎಂಬ ಮಾತು ಸ್ಟಾಫ್ ರೂಮಿನಿಂದ ಹಿಡಿದು ಬಸ್ ಸ್ಟ್ಯಾಂಡಿನವರೆಗೆ ನಡೆಯುತ್ತಿದೆ. ನಾನು ದ್ವಿತೀಯ ಪಿಯುಸಿ ವಿಜ್ಞಾನ ವಿಭಾಗದ ವಿದ್ಯಾರ್ಥಿನಿ. ಸಿಇಟಿ ನಾನೂ ಬರೆಯುವವಳೇ. ಆದರೂ ಆ ಪಿರಿಯಡ್ ಉಳಿಯಬೇಕು ಎಂಬುದು ನನ್ನ ಅಭಿಪ್ರಾಯ. ಈಗ ಇರುವ ಹಾಗೆಯೇ ಇರಬೇಕು ಎಂದು ನಾನು ಹೇಳುತ್ತಿಲ್ಲ. ಅದರಲ್ಲಿ ಬದಲಾಗಬೇಕಾದ್ದು ಬಹಳವಿದೆ.

ಆ ಕೊಠಡಿಗೆ ಬಾರದವರಿಗಾಗಿ ಸ್ವಲ್ಪ ವಿವರಿಸುತ್ತೇನೆ. ಅಲ್ಲಿ ನಾವು ಮಾಡುವುದು ಎರಡು ಕೆಲಸ. ಒಂದು, ರಬ್ಬರಿನ ಮೇಲೆ ಕೆತ್ತಿ ಠಸ್ಸೆ ಮಾಡಿ ಒತ್ತುವುದು. ಇನ್ನೊಂದು, ರಟ್ಟು, ಹಳೆಯ ಪತ್ರಿಕೆ, ಗೋಣಿ, ನಾರು, ಜರಿ ದಾರ, ಬಣ್ಣ ಎಲ್ಲವನ್ನೂ ಒಂದರ ಮೇಲೊಂದು ಕೂಡಿಸಿ ಒಂದು ಹಾಳೆ ಮಾಡುವುದು. ಎರಡನೆಯದಕ್ಕೆ ಮಿಶ್ರ ಮಾಧ್ಯಮ ಎಂಬ ದೊಡ್ಡ ಹೆಸರಿದೆ. ನಮ್ಮ ಹುಡುಗರು ಅದನ್ನು ಬಿರಿಯಾನಿ ಎನ್ನುತ್ತಾರೆ.

ಠಸ್ಸೆಗೆ ಐದು ರೂಪಾಯಿಯ ಅಳಿಸುವ ರಬ್ಬರ್ ಸಾಕು. ಹವಾಯಿ ಚಪ್ಪಲಿಯ ಸವೆದ ಅಟ್ಟೆ ಅದಕ್ಕಿಂತ ದೊಡ್ಡದು, ಗಟ್ಟಿ, ಮತ್ತು ಪುಕ್ಕಟೆ. ಕಾಗದದ ಮೇಲೆ ಮೆತ್ತನೆಯ ಪೆನ್ಸಿಲ್ಲಿನಿಂದ ಚಿತ್ರ ಬರೆದು, ಅದನ್ನು ರಬ್ಬರಿನ ಮೇಲೆ ಮಗುಚಿ ಉಗುರಿನಿಂದ ಉಜ್ಜಿದರೆ ಚಿತ್ರ ತಾನಾಗಿಯೇ ತಿರುವುಮುರುವಾಗಿ ಕೂರುತ್ತದೆ. ಕೆತ್ತಿ ಒತ್ತಿದಾಗ ಸರಿಯಾಗಿ ಬರುತ್ತದೆ. ಹೆಸರು ಕೆತ್ತುವಾಗ ಒಂದು ತಮಾಷೆ ಇದೆ. ಕನ್ನಡದ ಹೆಸರನ್ನು ರಬ್ಬರಿನ ಮೇಲೆ ಬಲದಿಂದ ಎಡಕ್ಕೆ ಓದಿಕೊಳ್ಳಬೇಕು, ಉರ್ದುವಿನ ಹೆಸರನ್ನು ಎಡದಿಂದ ಬಲಕ್ಕೆ. ಎರಡೂ ಲಿಪಿ ಬರುವ ನಮಗೆ ಇದು ಬೇಗ ಒಗ್ಗಿತು.

ಈ ತಿರುವುಮುರುವಿನ ಲೆಕ್ಕ ಆಟಕ್ಕೆ ಮಾತ್ರವಲ್ಲ. ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಮತಪತ್ರದ ಮೇಲೆ ಒತ್ತುವ ರಬ್ಬರ್ ಮೊಹರನ್ನು ಮನೆಯ ಹಿರಿಯರು ನೋಡಿರುತ್ತಾರೆ. ಬಾಣದ ತುದಿಗಳಿರುವ ಅಡ್ಡಗುರುತು ಅದು. ಮತಪತ್ರ ಮಡಚಿದಾಗ ಹಸಿ ಶಾಯಿ ಇನ್ನೊಬ್ಬ ಅಭ್ಯರ್ಥಿಯ ಚಿಹ್ನೆಯ ಮೇಲೂ ಅಂಟಬಹುದಲ್ಲ? ಅಂಟಿದ್ದು ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿರುತ್ತದೆ. ಹಾಗಾಗಿ ಒತ್ತಿದ್ದು ಯಾವುದು, ಅಂಟಿದ್ದು ಯಾವುದು ಎಂದು ಎಣಿಸುವವರಿಗೆ ತಿಳಿಯುತ್ತದೆ. ಬರೀ ಗುಣಾಕಾರದ ಗುರುತಾಗಿದ್ದರೆ ತಿಳಿಯುತ್ತಿರಲಿಲ್ಲ. ನಮ್ಮಲ್ಲಿ ಒಬ್ಬಳು ಇದನ್ನು ರಬ್ಬರಿನಲ್ಲಿ ಕೆತ್ತಿ, ಹಾಳೆ ಮಡಚಿ ತೋರಿಸಿದಾಗ ರಾಜ್ಯಶಾಸ್ತ್ರದ ಮೇಡಂ ಕೂಡ ಬಂದು ನೋಡಿದರು.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ನಮ್ಮ ಲ್ಯಾಬಿನಲ್ಲಿ ನಾವು ಮಾಡುವುದಕ್ಕೆ ಪ್ರಯೋಗ ಎಂಬ ಹೆಸರಿದೆ. ಆದರೆ ಉತ್ತರ ಮೊದಲೇ ಗೊತ್ತಿರುತ್ತದೆ. ಫೀನಾಲಿಗೆ ಫೆರಿಕ್ ಕ್ಲೋರೈಡ್ ಹಾಕಿದರೆ ನೇರಳೆ ಬಣ್ಣ ಬರುತ್ತದೆ ಎಂದು ರೆಕಾರ್ಡ್ ಪುಸ್ತಕದಲ್ಲಿ ಹಿಂದಿನ ರಾತ್ರಿಯೇ ಬರೆದಿರುತ್ತೇವೆ. ಬಣ್ಣ ಬರದಿದ್ದರೂ ಬಂತು ಎಂದೇ ಬರೆದಿರುತ್ತದೆ. ಇದು ಯಾವ ಉಪನ್ಯಾಸಕರ ತಪ್ಪೂ ಅಲ್ಲ. ಪರೀಕ್ಷೆ ಇರುವುದೇ ಹಾಗೆ. ಇಡೀ ವಾರದಲ್ಲಿ, ಏನಾಗುತ್ತದೋ ನೋಡೋಣ ಎಂದು ನಾವು ಕೈ ಹಾಕುವುದು ಶನಿವಾರದ ಆ ಒಂದು ಗಂಟೆಯಲ್ಲಿ ಮಾತ್ರ.

ಉದಾಹರಣೆಗೆ ನಮ್ಮ ಶಾಯಿಯ ಕತೆ ಹೇಳುತ್ತೇನೆ. ಅಂಗಡಿಯ ನೇರಳೆ ಸ್ಟ್ಯಾಂಪ್ ಪ್ಯಾಡ್ ಶಾಯಿ ಕಚೇರಿ ಕಾಗದಕ್ಕೆ ಸರಿ, ನಮ್ಮ ಕೆಲಸಕ್ಕೆ ಆಗದು. ಪ್ಯಾಡ್ ಬೇಗ ಒಣಗಬಾರದೆಂದು ಅದರಲ್ಲಿ ಗ್ಲಿಸರಿನ್ ಇರುತ್ತದೆ. ಹೊಳಪು ಕಾಗದದ ಮೇಲೆ ಗಂಟೆಗಟ್ಟಲೆ ಹಸಿಯಾಗಿಯೇ ಇರುತ್ತದೆ. ಮೇಲೆ ಜಲವರ್ಣ ತಾಗಿಸಿದರೆ ಹರಿದು ಹಬ್ಬುತ್ತದೆ. ಹಾಗಾದರೆ ಬೇರೆ ಏನು? ಹೊಳಲ್ಕೆರೆ ಕಡೆಯಿಂದ ಬರುವ ಒಬ್ಬ ಸಹಪಾಠಿ ಮನೆಯಿಂದ ಒಂದು ಬಾಟಲಿ ಅಡಿಕೆ ಚೊಗರು ತಂದ. ಅಡಿಕೆ ಬೇಯಿಸಿದಾಗ ಉಳಿಯುವ ಕೆಂಗಂದು ರಸ ಅದು. ಹೊಸದುರ್ಗ, ಹೊಳಲ್ಕೆರೆಯವರಿಗೆ ಅದರ ಕಲೆ ಬಟ್ಟೆಯಿಂದ ಹೋಗುವುದಿಲ್ಲ ಎಂಬುದು ಹೇಳಬೇಕಾಗಿಲ್ಲ. ಕಲೆ ಹೋಗುವುದಿಲ್ಲ ಎಂದರೆ ಒಳ್ಳೆಯ ಬಣ್ಣ ಎಂದೇ ಅರ್ಥ. ಸಾಗರ ತಾಲ್ಲೂಕಿನ ಭೀಮನಕೋಣೆಯ ಚರಕ ಮಹಿಳಾ ಸಹಕಾರಿ ಸಂಘದವರು ಕೈಮಗ್ಗದ ಬಟ್ಟೆಗೆ ಹಾಕುವ ನೈಸರ್ಗಿಕ ಬಣ್ಣಗಳಲ್ಲಿ ಈ ಚೊಗರೂ ಒಂದು.

ಆದರೆ ಚೊಗರು ನೀರಿನಂತೆ ತೆಳು. ರಬ್ಬರಿನ ಮೇಲೆ ನಿಲ್ಲದೆ ಹನಿಹನಿಯಾಗಿ ಜಾರಿತು. ಮೈದಾ ಗಂಜಿ ಸೇರಿಸಿದೆವು, ಗಂಟು ಕಟ್ಟಿತು. ಫೆವಿಕಾಲ್ ಸೇರಿಸಿದೆವು, ಬಣ್ಣ ಬೆಳ್ಳಗಾಯಿತು, ರಬ್ಬರಿನ ಕೆತ್ತಿದ ಸಂದುಗಳೆಲ್ಲ ಮುಚ್ಚಿಹೋದವು. ಆಗ ನೆನಪಾದದ್ದು ಕೊಪ್ಪಳ ಜಿಲ್ಲೆಯ ಕಿನ್ನಾಳದ ಗೊಂಬೆಗಳು. ಅಲ್ಲಿನ ಚಿತ್ರಗಾರರು ಹಗುರ ಮರ, ಹುಣಸೆ ಬೀಜದ ಅಂಟು, ನೆನೆಸಿ ಪುಡಿ ಮಾಡಿದ ಗೋಣಿನಾರು ಇವೆಲ್ಲ ಸೇರಿಸಿ ಗೊಂಬೆ ಮಾಡುತ್ತಾರೆ. ಮಿಶ್ರ ಮಾಧ್ಯಮ ಎಂಬ ಹೆಸರು ಬರುವ ಎಷ್ಟೋ ಮೊದಲಿನ ಮಿಶ್ರ ಮಾಧ್ಯಮ ಅದು. ಹಿರಿಯೂರು ಕಡೆಯವರಿಗೆ ಹುಣಸೆ ಬೀಜಕ್ಕೆ ಬರವೇ? ನನ್ನ ನಾನಿಯ ಮನೆಯಲ್ಲಿ ಹುಣಸೆ ಬಿಡಿಸಿದ ಮೇಲೆ ಬೀಜ ಮೂಟೆಗಟ್ಟಲೆ ಉಳಿಯುತ್ತದೆ. ಹುರಿದು, ಸಿಪ್ಪೆ ತೆಗೆದು, ನೆನೆಸಿ, ರುಬ್ಬಿ, ಸಣ್ಣ ಉರಿಯಲ್ಲಿ ಕಾಯಿಸಿದೆ. ಆ ಅಂಟನ್ನು ಚೊಗರಿಗೆ ಸೇರಿಸಿ ಸ್ಪಂಜಿನಿಂದ ರಬ್ಬರಿಗೆ ಹಚ್ಚಿ ಒತ್ತಿದಾಗ ಗೆರೆ ಕೂದಲಿನಷ್ಟು ಸಣ್ಣಗೆ ಬಂತು. ನನಗೆ ಆದ ಸಂತೋಷ ಯಾವ ಟೆಸ್ಟಿನ ಮಾರ್ಕ್ಸಿನಲ್ಲೂ ಆಗಿರಲಿಲ್ಲ.

ಅಲ್ಲಿಗೇ ನಿಲ್ಲಲಿಲ್ಲ. ತುಕ್ಕು ಹಿಡಿದ ಮೊಳೆಗಳನ್ನು ವಿನೆಗರಿನಲ್ಲಿ ಒಂದು ವಾರ ಇಟ್ಟು, ಆ ನೀರನ್ನು ಚೊಗರಿನ ಅಚ್ಚಿನ ಮೇಲೆ ಬ್ರಷ್ಷಿನಿಂದ ಹಚ್ಚಿದೆವು. ಕೆಂಗಂದು ಬಣ್ಣ ಕಣ್ಣೆದುರೇ ಕಪ್ಪಾಯಿತು. ಚೊಗರಿನಲ್ಲಿರುವ ಟ್ಯಾನಿನ್ನಿಗೂ ಕಬ್ಬಿಣಕ್ಕೂ ಆದ ಕ್ರಿಯೆ ಅದು. ಟ್ಯಾನಿನ್ನೂ ಫೀನಾಲಿನ ಬಳಗದ್ದೇ. ರೆಕಾರ್ಡಿನಲ್ಲಿ ಕಾಪಿ ಮಾಡಿದ್ದ ಪರೀಕ್ಷೆ ಏನು ಹೇಳುತ್ತಿತ್ತು ಎಂದು ನನಗೆ ಅರ್ಥವಾದದ್ದು ಆ ಶನಿವಾರ, ಲ್ಯಾಬಿನ ಹೊರಗೆ.

ಕರಕುಶಲ ಎಂದರೆ ಕೈಯ ಅಭ್ಯಾಸ, ತಲೆಗೆ ಕೆಲಸವಿಲ್ಲ ಎನ್ನುವವರು ಬೀದರಿನ ಬಿದ್ರಿಯನ್ನು ನೆನೆಯಬೇಕು. ಸತು ಮತ್ತು ತಾಮ್ರದ ಮಿಶ್ರಲೋಹದ ಮೇಲೆ ಕೆತ್ತಿ ಬೆಳ್ಳಿ ಕೂಡಿಸುತ್ತಾರೆ. ಕೊನೆಗೆ ಬೀದರ್ ಕೋಟೆಯ ಮಣ್ಣನ್ನು ನವಸಾಗರದ ನೀರಿನಲ್ಲಿ ಕಲಸಿ ಉಜ್ಜಿದಾಗ ಲೋಹ ಮಾತ್ರ ಕಪ್ಪಾಗುತ್ತದೆ, ಬೆಳ್ಳಿ ಹಾಗೆಯೇ ಹೊಳೆಯುತ್ತದೆ. ಆ ಮಣ್ಣೇ ಆಗುತ್ತದೆ ಎಂದು ಯಾರೋ ಹಿಂದೊಮ್ಮೆ ಒಂದೊಂದೇ ಮಣ್ಣು ಉಜ್ಜಿ ನೋಡಿರಲೇಬೇಕಲ್ಲ? ಈ ಕಲೆಗಾಗಿ ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ 2023ರಲ್ಲಿ ಪದ್ಮಶ್ರೀ ಬಂತು.

ಗಣಿತ ಬೇಕೇ? ಒಂದು ಚೌಕ ರಬ್ಬರಿನ ಮೂಲೆಯಲ್ಲಿ ಕಾಲು ವೃತ್ತ ಕೆತ್ತಿ. ಅದನ್ನು ನಾಲ್ಕು ದಿಕ್ಕಿಗೆ ತಿರುಗಿಸಿ ಒತ್ತಬಹುದು. ನಾಲ್ಕು ಸಾಲು, ನಾಲ್ಕು ಕಂಬ, ಒಟ್ಟು 16 ಮನೆಗಳ ಪುಟ್ಟ ಹಾಳೆ ತುಂಬಲು ಎಷ್ಟು ಬಗೆ? ನಾಲ್ಕನ್ನು 16 ಸಲ ಗುಣಿಸಿ: 429 ಕೋಟಿ 49 ಲಕ್ಷ 67 ಸಾವಿರದ 296. ಒಂದೇ ರಬ್ಬರಿನಿಂದ! ಮಸೀದಿ, ದರ್ಗಾಗಳ ಜಾಲಿ ಕೆಲಸದಲ್ಲಿ ಕಾಣುವ ನಕ್ಷೆಗಳ ಹಿಂದೆಯೂ ಇಂಥ ತಿರುಗಿಸುವಿಕೆಯೇ ಇದೆ. ಪ್ರಾಣಿ, ಮನುಷ್ಯರ ಚಿತ್ರ ಮನೆಯಲ್ಲಿ ಒಪ್ಪುವುದಿಲ್ಲ ಎಂದು ಹಿಂಜರಿಯುತ್ತಿದ್ದ ಇಬ್ಬರು ಈಗ ಎಲ್ಲರಿಗಿಂತ ಚೆನ್ನಾಗಿ ಮಾಡುವುದು ಈ ನಕ್ಷೆಗಳನ್ನೇ.

ಇಷ್ಟು ಹೇಳಿದ ಮೇಲೆ, ಪಿರಿಯಡ್ ಬೇಡ ಎನ್ನುವವರ ಒಂದು ಮಾತನ್ನು ಒಪ್ಪಲೇಬೇಕು. ಮೊದಲ ಎರಡು ತಿಂಗಳು ನಾವು ಆನ್‌ಲೈನಿನಲ್ಲಿ ತರಿಸಿದ ಕಿಟ್ ಬಿಚ್ಚಿ, ವಿಡಿಯೊ ನೋಡಿ, ಅದರಂತೆಯೇ ಒತ್ತಿದೆವು. ಇಂಗ್ಲಿಷಿನ ಹುಟ್ಟುಹಬ್ಬದ ಶುಭಾಶಯ, ವಿದೇಶದ ಹೂವು, ಬಿಸಿ ಮಾಡಿದರೆ ಉಬ್ಬುವ ಪುಡಿ. ಮೂವತ್ತು ಜನರ ಮೂವತ್ತು ಕಾರ್ಡೂ ಒಂದೇ. ಅದು ಇನ್ನೊಂದು ರೆಕಾರ್ಡ್ ಪುಸ್ತಕ, ಅಷ್ಟೆ, ಬೆಲೆ ಮಾತ್ರ ಹೆಚ್ಚು. ಅಂಥ ಪಿರಿಯಡ್ ಆದರೆ ಸಿಇಟಿಗೆ ಕೊಡುವುದೇ ಮೇಲು. ಕಿಟ್ಟಿಗೆ ಹಣ ಕೂಡಿಸುವುದನ್ನು ನಿಲ್ಲಿಸಬೇಕು. ಹಾಗೆಯೇ, ಅದು ಹುಡುಗಿಯರ ಪಿರಿಯಡ್ ಎಂದು ಹುಡುಗರು ಕ್ರಿಕೆಟ್ಟಿಗೆ ಹೋಗುವುದೂ ನಿಲ್ಲಬೇಕು. ಚೊಗರು ತಂದವನು ಹುಡುಗ, ಚಪ್ಪಲಿ ಅಟ್ಟೆ ಕೆತ್ತಬಹುದು ಎಂದು ಕಂಡುಹಿಡಿದವನೂ ಹುಡುಗನೇ.

ಇನ್ನು ನನಗೆ ನಿಜವಾಗಿ ಭಯವಿರುವುದು ವಿರೋಧಿಸುವವರ ಮಾತಿನಿಂದಲ್ಲ, ಹೊಗಳುವವರ ಮಾತಿನಿಂದ. ಪೋಷಕರ ಸಭೆಯಲ್ಲಿ ಒಬ್ಬರು, "ಒಳ್ಳೆಯದಾಯಿತು, ಹೆಣ್ಣುಮಕ್ಕಳಿಗೆ ಒಂದು ಕೈಕೆಲಸ ಬಂದರೆ ಮನೆಯಲ್ಲೇ ಕೂತು ನಾಲ್ಕು ಕಾಸು ಮಾಡಬಹುದು, ಪಿಯುಸಿ ಆದ ಮೇಲೆ ಇನ್ನೇನು ಬೇಕು" ಎಂದರು. ಕೆಲವರು ತಲೆಯಾಡಿಸಿದರು. ಇದನ್ನು ನಾನು ಖಡಾಖಂಡಿತವಾಗಿ ಒಪ್ಪುವುದಿಲ್ಲ. ನನ್ನ ಖಾಲಾ ಬ್ಲೌಸಿಗೆ ಜರಿ ಕೆಲಸ ಮಾಡುತ್ತಾರೆ. ಕಣ್ಣು ನೋಯುವವರೆಗೆ ಕೂತರೂ ಕೂಲಿ ಪೀಸಿನ ಲೆಕ್ಕದಲ್ಲಿ, ಬೆಲೆ ಕಟ್ಟುವವರು ಬೇರೆಯವರು. ಧಾರವಾಡ ಜಿಲ್ಲೆಯ ನವಲಗುಂದದ ಜಮಖಾನ ನೇಯುವವರು ನಮ್ಮದೇ ಸಮುದಾಯದ ಹೆಣ್ಣುಮಕ್ಕಳು. ಹೆಸರಿದೆ, ಜಿಐ ಗುರುತಿದೆ. ಆದರೂ ಉಳಿದವರು ಬೆರಳೆಣಿಕೆಯಷ್ಟು. ಕೈಕೆಲಸ ಡಿಗ್ರಿಯ ಬದಲಿಗೆ ಬರುವ ವಸ್ತುವಲ್ಲ. ನಾನು ಬಿ.ಎಸ್ಸಿ. ಓದಬೇಕೆಂದಿದ್ದೇನೆ, ಠಸ್ಸೆಯನ್ನೂ ಕೆತ್ತಬೇಕೆಂದಿದ್ದೇನೆ. ಎರಡರಲ್ಲಿ ಒಂದನ್ನು ಆರಿಸು ಎಂದು ನನ್ನ ಅಣ್ಣನಿಗೆ ಯಾರೂ ಹೇಳಿಲ್ಲ.

ಅದಕ್ಕೇ ಆ ಪಿರಿಯಡ್ ಕಾಲೇಜಿನೊಳಗೆ, ವಿಜ್ಞಾನ, ವಾಣಿಜ್ಯ, ಕಲಾ ವಿಭಾಗದ ಹುಡುಗ ಹುಡುಗಿಯರೆಲ್ಲ ಸೇರುವ ಜಾಗದಲ್ಲಿ ಇರಬೇಕು ಎನ್ನುತ್ತೇನೆ. ಇಲ್ಲಿಂದ ತೆಗೆದರೆ ಅದು ಉಳಿಯುವುದು ಮನೆಯ ಮೂಲೆಯಲ್ಲಿ, ಹುಡುಗಿಯರ ಪಾಲಿಗೆ ಮಾತ್ರ.

ಸಮಯದ ಪ್ರಶ್ನೆಗೆ ನನ್ನದೊಂದು ಸಲಹೆ. ವಾರಕ್ಕೊಮ್ಮೆ ಹೆಚ್ಚಾದರೆ ಹದಿನೈದು ದಿನಕ್ಕೊಮ್ಮೆ ಇಡಿ, ಆದರೆ ಎರಡು ಪಿರಿಯಡ್ ಒಟ್ಟಿಗೆ ಕೊಡಿ. ಬಣ್ಣ ಒಣಗಲು ನಲವತ್ತು ನಿಮಿಷ ಸಾಲದು. ಪರೀಕ್ಷೆಗೆ ಆರು ವಾರ ಮೊದಲು ದ್ವಿತೀಯ ಪಿಯುಸಿಯವರನ್ನು ಬಿಟ್ಟುಬಿಡಿ. ಪ್ರಥಮ ಪಿಯುಸಿಯವರು ಮುಂದುವರಿಸಲಿ. ಪ್ರಾಂಶುಪಾಲರು ಒಪ್ಪಿದರೆ ಪ್ರತಿ ಪ್ರಯತ್ನವನ್ನೂ, ಕೆಟ್ಟದ್ದನ್ನೂ ಸೇರಿಸಿ, ಒಂದು ನೋಟ್ ಬುಕ್ಕಿನಲ್ಲಿ ಅಂಟಿಸಿ ಗ್ರಂಥಾಲಯದಲ್ಲಿಡುತ್ತೇವೆ. ಗಂಟು ಕಟ್ಟಿದ ಮೈದಾ ಶಾಯಿಯ ಹಾಳೆಯೂ ಅದರಲ್ಲಿರುತ್ತದೆ.

ಬರುವವರಿಗೆ ಕೆಲವು ಸೂಚನೆ. ಹಳೆಯ ಮದುವೆ ಕಾರ್ಡು ತರುವವರು ಬಿಸ್ಮಿಲ್ಲಾ, ಆಯತ್ ಇರುವ ಭಾಗವನ್ನು ಮನೆಯಲ್ಲೇ ಬೇರೆ ತೆಗೆದಿಟ್ಟು ಬನ್ನಿ. ಉಳಿದ ದೇವರ ಚಿತ್ರಗಳಿಗೂ ಅದೇ ಗೌರವ ಇರಲಿ, ಅವುಗಳಿಗೆ ಕತ್ತರಿ ಹಾಕುವುದಿಲ್ಲ. ಕಾಲೇಜಿನ ಸೀಲು, ಸರಕಾರಿ ಸೀಲು ಕೆತ್ತಿ ನೋಡುವ ಆಸೆ ಯಾರಿಗೂ ಬೇಡ. ಅದು ಕ್ರಾಫ್ಟ್ ಅಲ್ಲ, ಅಪರಾಧ. ರಜಾ ಅರ್ಜಿಯ ಸಹಿಗೂ ಇದು ಅನ್ವಯಿಸುತ್ತದೆ. ಚಪ್ಪಲಿ ಅಟ್ಟೆ ತೊಳೆದು ತನ್ನಿ. ಬ್ಲೇಡು ಮೇಡಂ ಬಳಿ ಇರುತ್ತದೆ, ಚೀಲದಲ್ಲಿ ತರಬೇಡಿ. ಹೊಳಲ್ಕೆರೆ ಬಸ್ಸಿನವರು ಚೊಗರು ತರುವಾಗ ಬಾಟಲಿಯ ಮುಚ್ಚಳ ಬಿಗಿಯಾಗಿದೆಯೇ ನೋಡಿಕೊಳ್ಳಿ. ಕಳೆದ ಸಲ ಒಬ್ಬರ ಫಿಸಿಕ್ಸ್ ರೆಕಾರ್ಡು ಪೂರ್ತಿ ಕೆಂಪಾಗಿತ್ತು.